ಮಕ್ಕಳ ಚೀಲ ಜಾಲಾಡುವವರು

(ಮಾದಿಹಳ್ಳಿಯಲ್ಲಿ ಗಿರಣಿ ಕೆಲಸಗಾರರ ಮತ್ತು ಚಿಲ್ಲರೆ ವರ್ತಕರ ಸಭೆಯಲ್ಲಿ ಮಾಡಿದ ಭಾಷಣ)



ಈ ದಿನ ಕೂಲಿಯ ಮಾತನ್ನು ಬದಿಗಿಟ್ಟು ಹೈಸ್ಕೂಲಿನ ಹುಡುಗ ಹುಡುಗಿಯರ ಮಾತನ್ನು ಎತ್ತಿಕೊಂಡಿದ್ದೇವೆ. ಇದು ಹೊಟ್ಟೆಪಾಡಿನ ವಿಷಯವಲ್ಲವೆಂದು ಯಾರೂ ಏಳಬೇಡಿ. ನಿಮ್ಮ ಮನೆಯ ವಿಷಯವೇ.

2022ರ ನವೆಂಬರ್ ಕೊನೆಯಲ್ಲಿ ಬೆಂಗಳೂರಿನ ಖಾಸಗಿ ಶಾಲೆಗಳಲ್ಲಿ ಮಕ್ಕಳು ಮೊಬೈಲ್ ತರುತ್ತಾರೆಂದು ಅವರ ಚೀಲಗಳನ್ನು ಶೋಧಿಸಿದರು. 8, 9, 10ನೇ ತರಗತಿಯ ಕೆಲವರ ಬಳಿ ಸಿಗರೇಟು, ಲೈಟರು, ಕಾಂಡೋಮು, ಗರ್ಭನಿರೋಧಕ ಮಾತ್ರೆ ಸಿಕ್ಕವೆಂದು ವರದಿಯಾಯಿತು. ಶಾಲೆಯವರು ಮಕ್ಕಳನ್ನು ಹೊರದೂಡದೆ ತಂದೆತಾಯಿಗಳನ್ನು ಕರೆಸಿ, ಬುದ್ಧಿ ಹೇಳುವ ತಜ್ಞರ ಬಳಿ ಕಳಿಸಿ ಎಂದರು. ಅಷ್ಟು ವಿವೇಕ ಅವರಲ್ಲಿತ್ತು. ಸುದ್ದಿಯ ವ್ಯಾಪಾರಿಗಳಿಗೆ ಅದು ಬೇಕಿರಲಿಲ್ಲ. ಕೆಲವು ಚೀಲಗಳ ಸುದ್ದಿ ದೇಶವೆಲ್ಲ ಸುತ್ತಿ ಬರುವಷ್ಟರಲ್ಲಿ ಒಂದು ಪೀಳಿಗೆಯೇ ಕೆಟ್ಟುಹೋಯಿತೆಂಬ ಡಂಗುರವಾಯಿತು.

ಆ ಡಂಗುರ ನಮ್ಮ ಹೋಬಳಿಗೂ ಮುಟ್ಟಿತು. ಒಬ್ಬ ಹಮಾಲಿ ಸಂಗಾತಿ ಚಹದಂಗಡಿಯ ಟೀವಿಯಲ್ಲಿ ಇದನ್ನು ನೋಡಿ, ಮನೆಗೆ ಹೋಗಿ ಒಂಬತ್ತನೇ ತರಗತಿಯ ಮಗಳ ಚೀಲ ಸುರಿದರು. ನೀಲಿ ಬಣ್ಣದ ಎರಡು ಮಾತ್ರೆ ಸಿಕ್ಕವು. ಏನು, ಎತ್ತ ಎಂದು ಕೇಳಲಿಲ್ಲ. ಹೊಡೆದರು, ಹತ್ತು ದಿನ ಶಾಲೆ ಬಿಡಿಸಿದರು. ಮೇಷ್ಟರ ಕೆಲಸ ಮಾಡಿದ್ದ ನಮಗೆ ಆ ಮಾತ್ರೆ ಕಂಡೊಡನೆ ಗುರುತಾಯಿತು. ರಕ್ತಹೀನತೆ ತಡೆಯಲೆಂದು ಸರ್ಕಾರವೇ ವಾರಕ್ಕೊಂದರಂತೆ ಶಾಲೆಯಲ್ಲಿ ಕೊಡುವ ಕಬ್ಬಿಣಾಂಶದ ಮಾತ್ರೆ ಅದು! ನುಂಗಿದರೆ ಹೊಟ್ಟೆ ತೊಳಸುತ್ತದೆಂದು ಹುಡುಗಿ ಬಚ್ಚಿಟ್ಟಿದ್ದಳು. ಆ ತಂದೆ ಇಲ್ಲೇ ಕುಳಿತಿದ್ದಾರೆ. ಅವರ ಒಪ್ಪಿಗೆ ಪಡೆದೇ ಹೇಳುತ್ತಿದ್ದೇವೆ. ಅವರನ್ನು ನಾವು ದೂರುವುದಿಲ್ಲ. ಮಗಳನ್ನು ಅನುಮಾನಿಸಲು ಕಲಿಸಿದವರು ಬೇರೆ.

ಅಪರಾಧಕ್ಕೆ ಸಿಕ್ಕ ಮಗುವಿನ ಹೆಸರನ್ನಾಗಲಿ ಗುರುತನ್ನಾಗಲಿ ಪ್ರಕಟಿಸಬಾರದೆಂದು 2015ರ ಬಾಲನ್ಯಾಯ ಕಾಯ್ದೆಯ 74ನೇ ಕಲಂ ಹೇಳುತ್ತದೆ. ಒಬ್ಬನ ಹೆಸರಿಗೆ ಈ ರಕ್ಷಣೆ ಉಂಟು. ಆ ವಯಸ್ಸಿನವರೆಲ್ಲರ ಹೆಸರು ಕೆಡಿಸಲು ಅಡ್ಡಿಯಿಲ್ಲ. ಆ ಕಾಯ್ದೆಯೇ ಹುಟ್ಟಿದ ಬಗೆ ನೋಡಿ. 2012ರ ದೆಹಲಿಯ ಘೋರ ಕೃತ್ಯದ ಆರೋಪಿಗಳಲ್ಲೊಬ್ಬನಿಗೆ 18 ತುಂಬಿರಲಿಲ್ಲ. ವಯಸ್ಸಿನ ಮಿತಿ ಇಳಿಸಬೇಕಿಲ್ಲವೆಂದು ನ್ಯಾಯಮೂರ್ತಿ ವರ್ಮಾ ಸಮಿತಿ 2013ರ ಜನವರಿಯಲ್ಲೇ ಹೇಳಿತ್ತು. ಆ ವರ್ಷದ ಸರ್ಕಾರಿ ಲೆಕ್ಕದಲ್ಲಿ ದಂಡಸಂಹಿತೆಯ ಅಪರಾಧಗಳ ಪೈಕಿ 18ರ ಕೆಳಗಿನವರ ಪಾಲು ನೂರಕ್ಕೆ ಒಂದು ಚಿಲ್ಲರೆ. ಆದರೂ ಗದ್ದಲವೇ ಗೆದ್ದಿತು. ಘೋರ ಅಪರಾಧಗಳಲ್ಲಿ 16 ದಾಟಿದವರನ್ನು ದೊಡ್ಡವರಂತೆ ವಿಚಾರಿಸಲು 2015ರಲ್ಲಿ ದಾರಿಯಾಯಿತು. ವಕೀಲರನ್ನಿಡಲು ಶಕ್ತಿಯಿಲ್ಲದ ಮನೆಯ ಹುಡುಗನ ಗತಿಯೇನೆಂದು ತಾವೇ ಯೋಚಿಸಿ.

ಅಂಗಡಿಯ ಬಂಧುಗಳು ಬೇಸರಿಸಬಾರದು, ಒಂದು ಮಾತು ಕೇಳಲೇಬೇಕು. ಚೀಲದ ಸಿಗರೇಟು ಆಕಾಶದಿಂದ ಬಿತ್ತೇ? 18 ತುಂಬದವರಿಗೆ ಮಾರಬಾರದು, ಶಾಲೆಯ ನೂರು ಗಜದೊಳಗೆ ಮಾರಬಾರದು ಎಂದು 2003ರಲ್ಲೇ ಕಾಯ್ದೆ ಬಂದಿತ್ತು. ಬಿಡಿ ಸಿಗರೇಟಿನಲ್ಲಿ ನಿಮಗೆ ಉಳಿಯುವುದು ಪುಡಿಗಾಸು, ಗಂಟು ಕಂಪನಿಗೆ. ಪಾನ್ ಮಸಾಲೆಯ ಹೆಸರಿನಲ್ಲೇ ಏಲಕ್ಕಿಯ ಜಾಹೀರಾತು ಹಾಕಿ ಹಣ ಎಣಿಸುವ ಟೀವಿಯವರೂ ಹುಡುಗರ ಚಟದ ಬಗೆಗೆ ಉಪದೇಶ ಮಾಡುತ್ತಾರೆ!

ಮೈ ಬೆಳೆಯುವ ವಯಸ್ಸಿನ ತಿಳಿವಳಿಕೆಯನ್ನು ಶಾಲೆಯಲ್ಲೇ ಕೊಡುವ ಪಾಠಕ್ರಮಕ್ಕೆ 2007ರಲ್ಲಿ ಅಡ್ಡಗಾಲು ಹಾಕಿದ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಪಾಠ ನಿಲ್ಲಿಸುವುದು, ಆಮೇಲೆ ಚೀಲ ಜಾಲಾಡುವುದು. ಹುಡುಗಿಯರ ಮಟ್ಟಿಗೆ ಈ ಅನುಮಾನದ ಬೆಲೆ ಇನ್ನೂ ಹೆಚ್ಚು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ, ನಮ್ಮ ರಾಜ್ಯದ 20ರಿಂದ 24 ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ 21 ಮಂದಿಗೆ 18 ತುಂಬುವ ಮೊದಲೇ ಮದುವೆಯಾಗಿತ್ತು. ಬಡತನ ಅದಕ್ಕೆ ದೊಡ್ಡ ಕಾರಣ, ನಿಜ. ಆದರೆ 'ಕಾಲ ಕೆಟ್ಟಿದೆ, ಬೇಗ ದಾಟಿಸಿಬಿಡೋಣ' ಎಂಬ ಮಾತನ್ನು ಈ ಊರಿನ ಎಷ್ಟು ಜಗಲಿಗಳಲ್ಲಿ ನಾವು ಕೇಳಿಲ್ಲ!

ಹಮಾಲಿ ಸಂಗಾತಿಯ ಮಗಳು ಹನ್ನೊಂದನೆಯ ದಿನ ಶಾಲೆಗೆ ಹೋದಳು. ತಂದೆಯೇ ಬಾಗಿಲವರೆಗೆ ಬಿಟ್ಟು ಬಂದರು. ಆದರೆ ಬಹಳ ದಿನ ಅವಳು ಚೀಲವನ್ನು ತಲೆಯ ಕೆಳಗಿಟ್ಟುಕೊಂಡೇ ಮಲಗುತ್ತಿದ್ದಳಂತೆ.