ಗ್ರಂಥಾಲಯದ ಮೇಜಿನ ಹಿಂದಿರುವವರು ಮತ್ತು ನಾವು

(ಗ್ರಂಥಾಲಯ ಸಪ್ತಾಹದ ಅಂಗವಾಗಿ ಏರ್ಪಡಿಸಲಾದ ಸಾರ್ವಜನಿಕ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಗ್ರಂಥಾಲಯ ಸಪ್ತಾಹದ ಸಭೆಗಳಲ್ಲಿ ಪುಸ್ತಕದ ಮಹಿಮೆಯನ್ನು ಕೊಂಡಾಡುವುದು ವಾಡಿಕೆ. ನಾನು ಇಂದು ಆ ಕೆಲಸ ಮಾಡುವುದಿಲ್ಲ. ಗ್ರಂಥಾಲಯದಲ್ಲಿ ಮೇಜಿನ ಹಿಂದೆ ಕುಳಿತಿರುವ ವ್ಯಕ್ತಿ, ಅವರ ಪಕ್ಕದಲ್ಲಿರುವ ಕಂಪ್ಯೂಟರ್, ಇವೆರಡರ ನಡುವೆ ಇರುವ ಅಂತರದ ಬಗ್ಗೆ ಮಾತನಾಡಬಯಸುತ್ತೇನೆ. ಇಂತಹ ಅಂತರಕ್ಕೆ ನಮ್ಮ ಸಮುದಾಯ ತೆತ್ತಿರುವ ಬೆಲೆ ಸಣ್ಣದಲ್ಲ.

2023ರ ಆಗಸ್ಟ್ ತಿಂಗಳನ್ನು ನೆನಪಿಸಿಕೊಳ್ಳಿ. ಅಲ್ಪಸಂಖ್ಯಾತ ವಿದ್ಯಾರ್ಥಿಗಳ ವಿದ್ಯಾರ್ಥಿವೇತನದಲ್ಲಿ ನಡೆದ ವಂಚನೆಯ ಕುರಿತು ಸಿಬಿಐ ಪ್ರಕರಣ ದಾಖಲಿಸಿತು. ಪರಿಶೀಲನೆಗೆ ಒಳಪಡಿಸಿದ 1,572 ಸಂಸ್ಥೆಗಳ ಪೈಕಿ 830 ಸಂಸ್ಥೆಗಳು ನಕಲಿ, ಭಾಗಶಃ ನಕಲಿ ಅಥವಾ ನಿಷ್ಕ್ರಿಯ ಎಂದು ಕಂಡುಬಂದವು. ಅಂದಾಜಿಸಲಾದ ನಷ್ಟ 144.83 ಕೋಟಿ ರೂಪಾಯಿ. ಇದಕ್ಕೂ ಮೊದಲು, 2020ರಲ್ಲಿ, ಜಾರ್ಖಂಡ್‌ನಲ್ಲಿ ನಡೆದ ಇಂತಹುದೇ ವಂಚನೆಯನ್ನು ಪತ್ರಕರ್ತರು ಬಯಲಿಗೆಳೆದಿದ್ದರು. ದಲ್ಲಾಳಿಗಳು ಬಡವರ ಆಧಾರ್, ಬ್ಯಾಂಕ್ ವಿವರ ಮತ್ತು ಬೆರಳಚ್ಚನ್ನು ಪಡೆದು, ಬಂದ ಹಣದ ಅಲ್ಪ ಭಾಗವನ್ನು ಅವರ ಕೈಗಿಟ್ಟು ಉಳಿದದ್ದನ್ನು ನುಂಗಿದ್ದರು. ಅದು ಸೌದಿ ಅರೇಬಿಯದಿಂದ ಬಂದ ನೆರವು ಎಂದು ನಂಬಿಸಿದ ಪ್ರಸಂಗವೂ ಉಂಟು! (ವಂಚಕರ ಮೇಲೆ ಪ್ರಕರಣ ದಾಖಲಾಗುವ ಮೊದಲೇ, 2022ರಲ್ಲಿ, ಕೇಂದ್ರ ಸರಕಾರವು 1ರಿಂದ 8ನೇ ತರಗತಿಯವರೆಗಿನ ಮಕ್ಕಳ ಪ್ರೀ-ಮೆಟ್ರಿಕ್ ವಿದ್ಯಾರ್ಥಿವೇತನವನ್ನೇ ನಿಲ್ಲಿಸಿಬಿಟ್ಟಿತು. ಶಿಕ್ಷಣ ಹಕ್ಕು ಕಾಯಿದೆ ಇರುವಾಗ ಅದರ ಅಗತ್ಯವಿಲ್ಲ ಎಂಬುದು ಕೊಟ್ಟ ಕಾರಣ. ಅದು ಬೇರೆಯೇ ಚರ್ಚೆ.)

ವಂಚಕರು ಶಿಕ್ಷಾರ್ಹರು, ಅದರಲ್ಲಿ ಎರಡು ಮಾತಿಲ್ಲ. ಆದರೆ ನನ್ನನ್ನು ಕಾಡುವ ಪ್ರಶ್ನೆ ಬೇರೆ. ತನ್ನ ಹೆಸರಿನಲ್ಲಿ ತುಂಬಿದ ಅರ್ಜಿಯಲ್ಲಿ ಏನಿದೆಯೆಂಬುದನ್ನು ಓದಿ ಹೇಳುವ ಒಬ್ಬ ನಂಬಿಗಸ್ತನೂ ಆ ತಾಯಿಗೆ ಏಕೆ ಸಿಗಲಿಲ್ಲ? ನಮ್ಮ ಊರುಗಳಲ್ಲಿಯೂ ಅಷ್ಟೇ. ಸೈಬರ್ ಅಂಗಡಿಯವನ ಮುಂದೆ ಆಧಾರ್ ಪ್ರತಿ ಇಡುತ್ತೇವೆ, ಒಟಿಪಿಯನ್ನು ಗಟ್ಟಿಯಾಗಿ ಓದಿ ಹೇಳುತ್ತೇವೆ, ಪಾಸ್‌ವರ್ಡನ್ನು ಅವನೇ ನಿರ್ಧರಿಸುತ್ತಾನೆ ಮತ್ತು ಅದು ಅವನ ಬಳಿಯೇ ಉಳಿಯುತ್ತದೆ. ಅವರಲ್ಲಿ ಪ್ರಾಮಾಣಿಕರು ಬಹಳಷ್ಟಿದ್ದಾರೆ. ಆದರೆ ಹಕ್ಕನ್ನು ಪಡೆಯುವ ದಾರಿಯು ಒಬ್ಬರ ಪ್ರಾಮಾಣಿಕತೆಯನ್ನೇ ನೆಚ್ಚಿಕೊಂಡಿರಬಾರದು.

ಸರಕಾರದ ಸಂಬಳ ಪಡೆಯುವ, ಎಲ್ಲರಿಗೂ ಬಾಗಿಲು ತೆರೆದಿಡುವ, ಹೆಣ್ಣು ಮಕ್ಕಳು ನಿರ್ಭೀತಿಯಿಂದ ಹೋಗಿ ಕೂರಬಹುದಾದ ಒಂದು ತಾಣ ಪ್ರತಿ ಪಟ್ಟಣದಲ್ಲಿದೆ. ಅದೇ ಗ್ರಂಥಾಲಯ. 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯಿದೆಯ ಪ್ರಕಾರ ನಾವು ಕಟ್ಟುವ ಆಸ್ತಿ ತೆರಿಗೆಯ ಜೊತೆ ಗ್ರಂಥಾಲಯ ಕರವೂ ವಸೂಲಾಗುತ್ತದೆ. ಅಂದರೆ ಅದು ಯಾರ ಔದಾರ್ಯವೂ ಅಲ್ಲ. 2020ರ ಫೆಬ್ರವರಿಯಲ್ಲಿ ರಾಜ್ಯದ ಡಿಜಿಟಲ್ ಸಾರ್ವಜನಿಕ ಗ್ರಂಥಾಲಯ ಆರಂಭವಾಯಿತು. 2019ರಲ್ಲಿ ಗ್ರಾಮೀಣಾಭಿವೃದ್ಧಿ ಇಲಾಖೆಯ ತೆಕ್ಕೆಗೆ ಬಂದ ಗ್ರಾಮ ಪಂಚಾಯತ್ ಗ್ರಂಥಾಲಯಗಳು ‘ಅರಿವು ಕೇಂದ್ರ’ಗಳಾಗಿ ಹೊಸ ಹೆಸರು ಪಡೆದವು. ಅನೇಕ ಕಡೆ ಕಂಪ್ಯೂಟರುಗಳೂ ಬಂದವು. ಇದು ಸ್ವಾಗತಾರ್ಹ.

ಆದರೆ ಯಂತ್ರ ಬಂದ ಮಾತ್ರಕ್ಕೆ ಕೆಲಸವಾಗುತ್ತದೆಯೇ? ಕೆಲವು ವರ್ಷಗಳ ಹಿಂದೆ ನಾನು ಹೋಗಿದ್ದ ಒಂದು ಗ್ರಂಥಾಲಯದಲ್ಲಿ ಕಂಪ್ಯೂಟರಿಗೆ ಹೂವಿನ ಚಿತ್ತಾರದ ಬಟ್ಟೆ ಹೊದಿಸಲಾಗಿತ್ತು. ಕೇಳಿದಾಗ ಮೇಲ್ವಿಚಾರಕಿ ಸಂಕೋಚದಿಂದ ಹೇಳಿದರು: “ಹಾಳಾದರೆ ಯಾರು ಹೊಣೆ ಸಾರ್? ನನ್ನ ಹೆಸರಿನಲ್ಲಿ ದಾಸ್ತಾನು ಬರೆದಿದ್ದಾರೆ. ನನಗೆ ಹೇಗೆ ತೆರೆಯಬೇಕೆಂದು ಯಾರೂ ಹೇಳಿಕೊಟ್ಟಿಲ್ಲ.” ಆಕೆ ಸೋಮಾರಿಯಲ್ಲ. ಕಪಾಟಿನ ಯಾವ ಸಾಲಿನಲ್ಲಿ ಯಾವ ಪುಸ್ತಕವಿದೆ ಎಂಬುದು ಆಕೆಗೆ ಬಾಯಿಪಾಠವಾಗಿತ್ತು. ಯಂತ್ರವನ್ನು ಕೊಟ್ಟವರು ಅದರ ಜೊತೆ ಭಯವನ್ನೂ ಕೊಟ್ಟಿದ್ದರು, ವಿದ್ಯೆಯನ್ನು ಮಾತ್ರ ಕೊಟ್ಟಿರಲಿಲ್ಲ.

ಬ್ರಿಟನ್ನಿನಲ್ಲಿ ಈ ಶತಮಾನದ ಆರಂಭದಲ್ಲಿ ಲಾಟರಿ ನಿಧಿಯಿಂದ ಸಾರ್ವಜನಿಕ ಗ್ರಂಥಾಲಯಗಳಿಗೆಲ್ಲ ಅಂತರ್ಜಾಲ ಒದಗಿಸುವ ಯೋಜನೆ ಜಾರಿಗೆ ಬಂತು. (ಲಾಟರಿಯ ಹಣದ ಬಗ್ಗೆ ನಮ್ಮ ನಿಲುವು ನಿಮಗೆ ತಿಳಿದೇ ಇದೆ, ನಾನಿಲ್ಲಿ ಲೆಕ್ಕವನ್ನು ಮಾತ್ರ ನೋಡುತ್ತಿದ್ದೇನೆ.) ಯಂತ್ರ ಮತ್ತು ಸಂಪರ್ಕಕ್ಕೆ 10 ಕೋಟಿ ಪೌಂಡ್, ಸಿಬ್ಬಂದಿಯ ತರಬೇತಿಗೆಂದೇ 2 ಕೋಟಿ ಪೌಂಡ್ ತೆಗೆದಿರಿಸಲಾಯಿತು. ಐದು ರೂಪಾಯಿಯ ಯಂತ್ರಕ್ಕೆ ಒಂದು ರೂಪಾಯಿಯ ತರಬೇತಿ ಎನ್ನಿ. ನಮ್ಮಲ್ಲಿ ಈ ಪ್ರಮಾಣ ಎಷ್ಟಿದೆಯೆಂದು ಕೇಳುವ ಹಕ್ಕು ತೆರಿಗೆ ಕಟ್ಟುವ ನಮಗಿಲ್ಲವೇ?

ತರಬೇತಿಯೆಂದರೆ ಮೌಸ್ ಹಿಡಿಯಲು ಕಲಿಸುವುದಲ್ಲ. ಒಂದು ಉದಾಹರಣೆ ಕೊಡುತ್ತೇನೆ. ಹಳೆಯ ‘ನುಡಿ’ ಅಕ್ಷರ ವಿನ್ಯಾಸದಲ್ಲಿ ಬೆರಳಚ್ಚು ಮಾಡಿದ ಪುಸ್ತಕಪಟ್ಟಿಯನ್ನು ಯೂನಿಕೋಡ್‌ನಲ್ಲಿ ಹುಡುಕಿದರೆ ಏನೂ ಸಿಗುವುದಿಲ್ಲ. ಕಪಾಟಿನಲ್ಲಿ ಪುಸ್ತಕವಿದ್ದರೂ ಓದುಗ ಬರಿಗೈಯಲ್ಲಿ ಮರಳುತ್ತಾನೆ. ಪಟ್ಟಿಯನ್ನು ಪರಿವರ್ತಿಸಬೇಕು ಎಂಬ ತಿಳಿವಳಿಕೆಯೇ ಇಲ್ಲಿ ಸಾಕ್ಷರತೆ. ಐಐಟಿ ಖರಗ್‌ಪುರ ರೂಪಿಸಿದ ರಾಷ್ಟ್ರೀಯ ಡಿಜಿಟಲ್ ಗ್ರಂಥಾಲಯವು ಉಚಿತವಾಗಿದೆ ಎಂದು ಪಿಯುಸಿ ವಿದ್ಯಾರ್ಥಿಗೆ ಹೇಳಬಲ್ಲವರು ಬೇಕು. ವಿಳಾಸದ ಕೊನೆಯನ್ನು ನೋಡಿ ಸರಕಾರದ ಜಾಲತಾಣ ಯಾವುದು, ಅದರ ವೇಷ ತೊಟ್ಟದ್ದು ಯಾವುದು ಎಂದು ಗುರುತಿಸಬಲ್ಲವರು ಬೇಕು. ಎಲ್ಲಕ್ಕಿಂತ ಮಿಗಿಲಾಗಿ, ಅರ್ಜಿ ತುಂಬಲು ನೆರವಾಗುವಾಗ ಪಾಸ್‌ವರ್ಡ್ ಟೈಪ್ ಮಾಡುವ ಹೊತ್ತಿಗೆ ಮುಖವನ್ನು ಆಚೆ ತಿರುಗಿಸುವ, ಕೆಲಸ ಮುಗಿದ ಮೇಲೆ ಖಾತೆಯಿಂದ ಹೊರಬಂದು ದಾಖಲೆಗಳನ್ನು ಯಂತ್ರದಿಂದ ಅಳಿಸುವ ಶಿಸ್ತು ಬೇಕು. ಇದಕ್ಕೆ ನಮ್ಮಲ್ಲಿ ಬಹಳ ಹಳೆಯ ಪದವೊಂದಿದೆ: ಅಮಾನತು.

ಕಲಿಸುವವರು ಯಾರು ಎಂಬ ಪ್ರಶ್ನೆ ಏಳಬಹುದು. ಬದ್ರ್‌ನ ಕೈದಿಗಳಲ್ಲಿ ಬಿಡುಗಡೆಯ ಹಣ ನೀಡಲಾಗದ, ಆದರೆ ಓದುಬರಹ ಬಲ್ಲವರು ಮದೀನದ ಹತ್ತು ಹತ್ತು ಮಕ್ಕಳಿಗೆ ಅಕ್ಷರ ಕಲಿಸಬೇಕೆಂದು ಪ್ರವಾದಿ(ಸ) ನಿಗದಿಪಡಿಸಿದ್ದನ್ನು ಸೀರಾ ಗ್ರಂಥಗಳಲ್ಲಿ ಓದುತ್ತೇವೆ. ಯುದ್ಧಕ್ಕೆ ಬಂದವರಿಂದಲೂ ಕಲಿತ ಸಮುದಾಯವಿದು. ಹೀಗಿರುವಾಗ ನಮ್ಮ ಮನೆಯ ಇಂಜಿನಿಯರಿಂಗ್ ಓದುವ ಮಗನಿಂದ, ಬಿಸಿಎ ಓದುವ ಮಗಳಿಂದ ಗ್ರಂಥಾಲಯದ ಸಿಬ್ಬಂದಿ ಕಲಿಯುವುದರಲ್ಲಿ ಸಂಕೋಚವೇಕೆ? ಆ ಮಕ್ಕಳನ್ನು ವಾರಕ್ಕೆ ಎರಡು ಸಂಜೆ ಅಲ್ಲಿಗೆ ಕಳುಹಿಸಲು ನಮಗಾದರೂ ಸಂಕೋಚವೇಕೆ?

ಮಸೀದಿಗೊಂದು ಕಂಪ್ಯೂಟರ್ ಕೇಂದ್ರ ತೆರೆದರೆ ಸಾಲದೇ ಎಂದು ಕೆಲವು ಸಹೋದರರು ಕೇಳುತ್ತಾರೆ. ತೆರೆಯಿರಿ, ಒಳ್ಳೆಯದೇ. 2025ರ ಜೂನ್‌ನಲ್ಲಿ ವಕ್ಫ್ ಆಸ್ತಿಗಳ ನೋಂದಣಿಗಾಗಿ ‘ಉಮೀದ್’ ಪೋರ್ಟಲ್ ಆರಂಭವಾಗಿ ಆರೇ ತಿಂಗಳ ಗಡುವು ನೀಡಿದಾಗ, ಆ ಕಾಯಿದೆಯ ಬಗೆಗಿನ ನಮ್ಮ ಆಕ್ಷೇಪಗಳು ಏನೇ ಇರಲಿ, ಕೈಬರಹದ ಹಳೆಯ ದಾಖಲೆಗಳನ್ನು ಹಿಡಿದುಕೊಂಡ ಮುತವಲ್ಲಿಗಳಿಗೆ ಸ್ಕ್ಯಾನ್ ಮಾಡಿಕೊಡುವ ಕೈಗಳು ಬೇಕಾಗಿದ್ದವು. ಆದರೆ ಗ್ರಂಥಾಲಯವನ್ನು ನಾವಾಗಿಯೇ ಬಿಟ್ಟುಕೊಟ್ಟು ನಮ್ಮದೇ ಗೋಡೆಯೊಳಗೆ ಸೇರಿಕೊಳ್ಳುವುದು ನನಗೆ ಸರಿಕಾಣುವುದಿಲ್ಲ. ನಮ್ಮ ನೆರೆಯ ದಲಿತ ಸಹೋದರನೂ, ಬೀಡಿ ಕಟ್ಟುವ ಹಿಂದೂ ಸಹೋದರಿಯೂ ಅದೇ ದಲ್ಲಾಳಿಯ ಮುಂದೆ ನಿಂತಿದ್ದಾರೆ.

ಆ ಹೂವಿನ ಬಟ್ಟೆಯ ವಿಷಯ ಹೇಳಿದೆನಲ್ಲ, ಕಳೆದ ವರ್ಷ ಅಲ್ಲಿಗೆ ಮತ್ತೆ ಹೋಗಿದ್ದೆ. ಬಟ್ಟೆ ಇರಲಿಲ್ಲ. ನೆರೆಮನೆಯ ಕಾಲೇಜು ವಿದ್ಯಾರ್ಥಿನಿಯೊಬ್ಬಳು ಎರಡು ತಿಂಗಳು ಬಂದು ಕಲಿಸಿದಳಂತೆ. ಮೇಲ್ವಿಚಾರಕಿ ಒಬ್ಬ ಅಜ್ಜನಿಗೆ ಪಿಂಚಣಿಯ ಸ್ಥಿತಿಗತಿ ನೋಡಿ ಹೇಳುತ್ತಿದ್ದರು. ಮುದ್ರಣ ಯಂತ್ರ ಮಾತ್ರ ಇನ್ನೂ ಬಂದಿರಲಿಲ್ಲ.

ನಮ್ಮ ಪಟ್ಟಣದ ಗ್ರಂಥಾಲಯ ಸಿಬ್ಬಂದಿಗೆ ಕೆಲಸದ ಅವಧಿಯಲ್ಲೇ, ಸಂಬಳ ಕಡಿತವಿಲ್ಲದೆ ತರಬೇತಿ ನೀಡಬೇಕು, ಯಂತ್ರ ಕೆಟ್ಟರೆ ಅವರನ್ನು ಹೊಣೆಯಾಗಿಸಬಾರದು, ವಸೂಲಾದ ಗ್ರಂಥಾಲಯ ಕರವನ್ನು ಬಾಕಿಯಿಡದೆ ಗ್ರಂಥಾಲಯಕ್ಕೇ ಒಪ್ಪಿಸಬೇಕು ಎಂಬ ಮನವಿಯೊಂದನ್ನು ಸಿದ್ಧಪಡಿಸಿದ್ದೇವೆ. ಅದು ಹೊರಗಿನ ಮೇಜಿನ ಮೇಲಿದೆ. ಓದಿ ನೋಡಿ, ಒಪ್ಪಿಗೆಯಾದರೆ ಸಹಿ ಹಾಕಿ. ಸಹೋದರಿಯರಿಗಾಗಿ ಮಹಿಳೆಯರ ವಿಭಾಗದಲ್ಲಿಯೂ ಒಂದು ಪ್ರತಿ ಇಡಲಾಗಿದೆ.