ಸರ್ಕಾರಿ ಶಾಲೆಯ ಅಂಗಳದಲ್ಲಿ ಉಪವಾಸ

(ಹೆತ್ತವರ ಸಭೆಯೊಂದರಲ್ಲಿ ಮಾಡಿದ ಭಾಷಣದ ಬರಹರೂಪ)



ಮಕ್ಕಳ ಶಿಕ್ಷಣದಲ್ಲಿ ನಮ್ಮ ಹೊಣೆಗಾರಿಕೆಯ ಕುರಿತು ಮಾತನಾಡಬೇಕೆಂದು ನನಗೆ ಸೂಚಿಸಲಾಗಿದೆ. ಈ ವಿಷಯದಲ್ಲಿ ನೀವು ಕೇಳಿರದ ಉಪದೇಶ ಯಾವುದೂ ಉಳಿದಿರಲಾರದು. ಆದ್ದರಿಂದ ಉಪದೇಶವನ್ನು ಬದಿಗಿಟ್ಟು ಒಂದು ಶಾಲೆಯ ವೃತ್ತಾಂತವನ್ನು ಹೇಳುತ್ತೇನೆ. ಆ ಶಾಲೆ ಇರುವುದು ಅಮೇರಿಕದಲ್ಲಿ. ಅಮೇರಿಕವೆಂದೊಡನೆ ನಮಗೆ ಇರಾಕ್, ಅಫ್ಘಾನಿಸ್ತಾನ, ಗಾಝಾ ನೆನಪಾಗುತ್ತವೆ, ನೆನಪಾಗಲೇಬೇಕು. ಆದರೂ ಅಲ್ಲಿನ ಒಂದು ಸರ್ಕಾರಿ ಪ್ರೌಢಶಾಲೆಯಿಂದ ನಾವು ತಿಳಿಯಬೇಕಾದುದಿದೆ.

ಮಿಚಿಗನ್ ರಾಜ್ಯದ ಡೆಟ್ರಾಯಿಟ್ ಮಹಾನಗರಕ್ಕೆ ಅಂಟಿಕೊಂಡಿರುವ ಉಪನಗರ ಡಿಯರ್‌ಬಾರ್ನ್. ಫೋರ್ಡ್ ಕಾರುಗಳ ಊರು. ಕಾರ್ಖಾನೆಯ ಕೆಲಸವನ್ನು ಅರಸಿ ಲೆಬನಾನಿನಿಂದ, ಯಮನಿನಿಂದ ಬಂದ ಕಾರ್ಮಿಕರು ಅಲ್ಲಿ ನೆಲೆ ನಿಂತರು. ಮುಂದೆ ಅರಬ್ ನಾಡುಗಳ ಯುದ್ಧಗಳು ಇನ್ನಷ್ಟು ಕುಟುಂಬಗಳನ್ನು ಅಲ್ಲಿಗೆ ಅಟ್ಟಿದವು. ಊರು ಮೊದಲಿನಿಂದಲೂ ಉದಾರವಾಗಿತ್ತೆಂದು ಭಾವಿಸಬೇಡಿ. ಹೆನ್ರಿ ಫೋರ್ಡರ ಪತ್ರಿಕೆ 1920ರ ದಶಕದಲ್ಲಿ ಯಹೂದಿಯರ ವಿರುದ್ಧ ದ್ವೇಷವನ್ನು ಹರಡಿತು. 1942ರಿಂದ 1978ರ ತನಕ ಮೇಯರ್ ಆಗಿದ್ದ ಓರ್ವಿಲ್ ಹಬಾರ್ಡ್ ಕರಿಯರನ್ನು ಊರಿನಿಂದ ದೂರವಿಡುವುದಕ್ಕೇ ಹೆಸರಾಗಿದ್ದವರು. ಅಂತಹ ಊರಿನಲ್ಲಿ 1928ರಲ್ಲಿ ಆರಂಭವಾದದ್ದು ಫೋರ್ಡ್‌ಸನ್ ಪ್ರೌಢಶಾಲೆ. ಫೋರ್ಡ್‌ಸನ್ ಎಂಬುದು ಫೋರ್ಡರ ಟ್ರ್ಯಾಕ್ಟರಿನ ಹೆಸರೂ ಹೌದು. ಶಾಲೆಯ ಕ್ರೀಡಾ ತಂಡಗಳಿಗೆ ‘ಟ್ರ್ಯಾಕ್ಟರ್ಸ್’ ಎಂದೇ ಹೆಸರು. ಇಂದು ಅಲ್ಲಿನ ವಿದ್ಯಾರ್ಥಿಗಳಲ್ಲಿ ಬಹುಪಾಲು ಮಂದಿ ಅರಬ್ ಮೂಲದ ಮುಸ್ಲಿಮರು. ಫೋರ್ಡರು ಇದನ್ನು ಕಂಡಿದ್ದರೆ ಏನೆನ್ನುತ್ತಿದ್ದರೋ!

ಅಮೇರಿಕದ ಪ್ರೌಢಶಾಲೆಯಲ್ಲಿ ಫುಟ್ಬಾಲ್ ಎಂದರೆ ಕಾಲಲ್ಲಿ ಒದೆಯುವ ನಮ್ಮ ಆಟವಲ್ಲ. ತಲೆಗೆ ಹೆಲ್ಮೆಟ್ ತೊಟ್ಟು, ಚೆಂಡನ್ನು ತೋಳಿನಲ್ಲಿ ಅವುಚಿ, ಮೈಗೆ ಮೈ ಢಿಕ್ಕಿ ಹೊಡೆಯುತ್ತಾ ಆಡುವ ಆಟ. ಪಂದ್ಯದ ದಿನ ಹೆತ್ತವರು, ಹಳೆ ವಿದ್ಯಾರ್ಥಿಗಳು, ವಾದ್ಯವೃಂದ ಎಲ್ಲರೂ ಮೈದಾನದಲ್ಲಿ. 2010ರಲ್ಲಿ ರಮಝಾನ್ ಆಗಸ್ಟ್ ತಿಂಗಳಿನಲ್ಲಿ ಬಂತು. ಪಂದ್ಯಗಳಿಗೆ ಮುನ್ನ ಕಠಿಣ ತರಬೇತಿ ನಡೆಯುವುದೂ ಆಗಸ್ಟಿನಲ್ಲಿಯೇ. 15 ಗಂಟೆಗೂ ಮೀರಿದ ಉಪವಾಸ, ಮೇಲೆ ಬೇಸಿಗೆಯ ಬಿಸಿಲು. ನೀರಿಲ್ಲದೆ ಓಡುವುದು ಪ್ರಾಣಕ್ಕೇ ಅಪಾಯ. ಮಕ್ಕಳ ಮುಂದೆ ಎರಡು ದಾರಿಗಳಿದ್ದವು: ಉಪವಾಸ ಬಿಡುವುದು ಅಥವಾ ತಂಡವನ್ನು ಬಿಡುವುದು. ಶಾಲೆ ಮೂರನೆಯ ದಾರಿಯನ್ನು ಹುಡುಕಿತು. ತರಬೇತಿಯನ್ನು ರಾತ್ರಿ 11ರಿಂದ ಬೆಳಗಿನ ಜಾವ 4ರ ತನಕ ನಡೆಸಲಾಯಿತು. ಇಫ್ತಾರ್ ಮುಗಿಸಿ ಬಂದ ಹುಡುಗರು ದೀಪದ ಬೆಳಕಿನಲ್ಲಿ ಆಡಿ, ಸಹರಿಯ ಹೊತ್ತಿಗೆ ಮೈದಾನ ಬಿಟ್ಟರು. ಈ ತಂಡದ ಕುರಿತು ರಶೀದ್ ಗಾಝಿ ನಿರ್ದೇಶಿಸಿದ ಸಾಕ್ಷ್ಯಚಿತ್ರವೂ 2011ರಲ್ಲಿ ಬಿಡುಗಡೆಯಾಯಿತು.

ಇಲ್ಲಿ ಒಂದು ಅಂಶವನ್ನು ಗಮನಿಸಿರಿ. ಫೋರ್ಡ್‌ಸನ್ ಮುಸ್ಲಿಮ್ ಶಾಲೆಯಲ್ಲ. ತೆರಿಗೆಯ ಹಣದಿಂದ ನಡೆಯುವ, ಊರಿನ ಮತದಾರರು ಆರಿಸಿದ ಮಂಡಳಿಯ ಅಧೀನದಲ್ಲಿರುವ ಶಾಲೆ. ಸರ್ಕಾರಿ ಶಾಲೆಗಳಲ್ಲಿ ಸರ್ಕಾರವೇ ರಚಿಸಿದ ಪ್ರಾರ್ಥನೆಯನ್ನು ಹೇಳಿಸುವುದು ಸಂವಿಧಾನ ವಿರೋಧಿಯೆಂದು ಅಲ್ಲಿನ ಸುಪ್ರೀಂ ಕೋರ್ಟ್ 1962ರಲ್ಲಿ ತೀರ್ಪಿತ್ತಿದೆ. ಆದ್ದರಿಂದ ಮುಸ್ಲಿಮ್ ವಿದ್ಯಾರ್ಥಿಗಳು ಎಷ್ಟೇ ಇರಲಿ, ಶಾಲೆ ತಾನೇ ನಮಾಝನ್ನು ಏರ್ಪಡಿಸುವಂತಿಲ್ಲ. ವಿದ್ಯಾರ್ಥಿ ವಿರಾಮದ ವೇಳೆಯಲ್ಲಿ ತಾನಾಗಿ ಪ್ರಾರ್ಥಿಸಿದರೆ ತಡೆಯುವಂತೆಯೂ ಇಲ್ಲ. ಇದನ್ನು ಧರ್ಮ ವಿರೋಧವೆಂದು ಟೀಕಿಸುವವರು ನಮ್ಮಲ್ಲಿಯೂ ಇದ್ದಾರೆ. ನಾನು ಒಪ್ಪುವುದಿಲ್ಲ. ಬಹುಸಂಖ್ಯಾತರ ಪ್ರಾರ್ಥನೆಯನ್ನು ಅಲ್ಪಸಂಖ್ಯಾತರ ಮಗುವಿನ ಬಾಯಲ್ಲಿ ಹೇಳಿಸದಂತೆ ಕಾಯುವುದು ಇದೇ ಕಟ್ಟಳೆ. ಟೆಕ್ಸಾಸಿನಲ್ಲಿ ನಮಗೆ ಅದು ಬೇಕು, ಡಿಯರ್‌ಬಾರ್ನಿನಲ್ಲಿ ಬೇಡವೆನ್ನುವುದು ನ್ಯಾಯವಾಗದು.

ಇದೇ ಊರಿನ ಇನ್ನೊಂದು ಪ್ರೌಢಶಾಲೆಯಲ್ಲಿ 2003ರಲ್ಲಿ, ಇರಾಕ್ ಯುದ್ಧ ಇನ್ನೇನು ಆರಂಭವಾಗಲಿದ್ದಾಗ, ಒಬ್ಬ ವಿದ್ಯಾರ್ಥಿ ಅಧ್ಯಕ್ಷ ಬುಷ್‌ರ ಚಿತ್ರದೊಂದಿಗೆ ಅವರನ್ನು ಅಂತಾರಾಷ್ಟ್ರೀಯ ಭಯೋತ್ಪಾದಕನೆಂದು ಕರೆಯುವ ಅಂಗಿಯನ್ನು ಧರಿಸಿ ಬಂದ. ಅಂಗಿಯನ್ನು ತಿರುವಿ ತೊಡು, ಇಲ್ಲವೇ ಮನೆಗೆ ಹೋಗು ಎಂದಿತು ಶಾಲೆ. ಅವನು ಕಲ್ಲೆಸೆಯಲಿಲ್ಲ, ನ್ಯಾಯಾಲಯಕ್ಕೆ ಹೋದ. ವಿಯೆಟ್ನಾಮ್ ಯುದ್ಧವನ್ನು ವಿರೋಧಿಸಿ ಕಪ್ಪುಪಟ್ಟಿ ಕಟ್ಟಿದ್ದ ವಿದ್ಯಾರ್ಥಿಗಳ ಪರವಾಗಿ 1969ರಲ್ಲಿ ಬಂದಿದ್ದ ಸುಪ್ರೀಂ ಕೋರ್ಟಿನ ತೀರ್ಪನ್ನು ಆಧರಿಸಿ ನ್ಯಾಯಾಧೀಶರು ಅವನ ಪರ ನಿಂತರು. ಅಧ್ಯಕ್ಷರನ್ನೇ ಟೀಕಿಸುವ ಹಕ್ಕು ಹದಿಹರೆಯದ ವಿದ್ಯಾರ್ಥಿಗೂ ಇದೆಯೆಂದಾಯಿತು.

ಎಲ್ಲವೂ ಅಲ್ಲಿ ಸುಗಮವೆಂದು ನಾನು ಹೇಳುತ್ತಿಲ್ಲ. 2022ರ ಅಕ್ಟೋಬರಿನಲ್ಲಿ ಶಾಲಾ ಗ್ರಂಥಾಲಯದ ಕೆಲವು ಪುಸ್ತಕಗಳನ್ನು ಆಕ್ಷೇಪಿಸಿ ಮಂಡಳಿಯ ಸಭೆಗೆ ನುಗ್ಗಿದ ಹೆತ್ತವರ ಕೂಗಾಟದಿಂದಾಗಿ ಸಭೆಯನ್ನೇ ಮೊಟಕುಗೊಳಿಸಬೇಕಾಯಿತು. ಆಕ್ಷೇಪಿಸುವುದು ಹೆತ್ತವರ ಹಕ್ಕು. ಅರಚುವುದು ಮಕ್ಕಳಿಗೆ ಕಲಿಸುವ ಪಾಠವಲ್ಲ. ಇನ್ನೊಂದು ಚಿಂತೆಯೂ ಇದೆ. ತರಗತಿಯ ತುಂಬ ತಮ್ಮವರನ್ನೇ ಕಂಡು ಬೆಳೆದ ಮಗು ನೆರೆಯವನನ್ನು ಅರಿಯುವುದು ಯಾವಾಗ? ನಮ್ಮ ಮೊಹಲ್ಲಾಗಳ ಶಾಲೆಗಳಿಗೂ ಇದು ಅನ್ವಯಿಸುತ್ತದೆ.

ನಮ್ಮಲ್ಲಿಯೋ, 2022ರ ಶಿರವಸ್ತ್ರ ವಿವಾದದ ಬಳಿಕ ‘ಸರ್ಕಾರಿ ಶಾಲೆ ಬೇಡ, ನಮ್ಮದೇ ಸಂಸ್ಥೆ ಸಾಕು’ ಎಂಬ ಮಾತು ಬಲಗೊಂಡಿದೆ. ಆ ನೋವು ನಿಜ. ಆ ವರ್ಷದ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳೇ ಒಮ್ಮತಕ್ಕೆ ಬರಲಿಲ್ಲ. ನಮ್ಮ ಸಂಸ್ಥೆಗಳು ಬೆಳೆಯಲಿ. ಆದರೆ ಶುಲ್ಕ ತೆರಲಾಗದ ಬೀಡಿ ಕಾರ್ಮಿಕಳ ಮಗಳು, ಮೀನು ಮಾರುವವನ ಮಗ ಎಲ್ಲಿಗೆ ಹೋಗಬೇಕು? ಶಾಲೆಗೆ ಹೋಗುವ ಮುಸ್ಲಿಮ್ ಮಕ್ಕಳಲ್ಲಿ ಮದ್ರಸಗಳಲ್ಲಿ ಓದುವವರು ಕೇವಲ ಶೇ. 4ರಷ್ಟು ಎಂದಿತ್ತು 2006ರ ಸಾಚಾರ್ ವರದಿ. ಬದ್ರ್‌ನ ಸೆರೆಯಾಳುಗಳಲ್ಲಿ ಅಕ್ಷರ ಬಲ್ಲವರು ಮದೀನದ ಮಕ್ಕಳಿಗೆ ಬರಹ ಕಲಿಸಿ ಬಿಡುಗಡೆ ಹೊಂದಿದ ಚರಿತ್ರೆಯನ್ನು ನಾವು ಹೆಮ್ಮೆಯಿಂದ ಹೇಳುತ್ತೇವೆ. ಕಲಿಸುವವನು ನಮ್ಮವನೇ ಆಗಬೇಕೆಂದು ಅಂದು ಯಾರೂ ಹಟ ಹಿಡಿಯಲಿಲ್ಲ.

ಸರ್ಕಾರಿ ಶಾಲೆಗಳಲ್ಲಿ ಹೆತ್ತವರನ್ನೊಳಗೊಂಡ ಎಸ್‌ಡಿಎಂಸಿ ಇದೆ. ಎಂಟನೇ ತರಗತಿವರೆಗಿನ ಸರ್ಕಾರಿ ಶಾಲೆಗಳ ಸಮಿತಿಯಲ್ಲಿ ಮುಕ್ಕಾಲು ಪಾಲು ಹೆತ್ತವರೂ ಪೋಷಕರೂ ಇರಬೇಕು, ಅರ್ಧದಷ್ಟು ಮಹಿಳೆಯರಿರಬೇಕು ಎನ್ನುತ್ತದೆ 2009ರ ಶಿಕ್ಷಣ ಹಕ್ಕು ಕಾಯ್ದೆ. ಆ ಸಭೆಗಳಿಗೆ ನಿಮ್ಮಲ್ಲಿ ಎಷ್ಟು ಮಂದಿ ಹೋಗಿದ್ದೀರಿ? ಶೌಚಾಲಯಕ್ಕೆ ನೀರು, ಗಣಿತಕ್ಕೆ ಶಿಕ್ಷಕರು, ರಮಝಾನಿನಲ್ಲಿ ಆಟದ ವೇಳೆಯ ಬದಲಾವಣೆ, ಇವನ್ನೆಲ್ಲ ಕೇಳಬೇಕಾದ ಸ್ಥಳ ಅದು, ಮಸೀದಿಯ ಹೊರಜಗಲಿಯಲ್ಲ. ಪರದೆಯ ಆಚೆ ಕುಳಿತ ಸಹೋದರಿಯರೇ, ಆ ಅರ್ಧದಷ್ಟು ಸ್ಥಾನಗಳು ನಿಮ್ಮವು. ಸಮಿತಿಗೆ ಸೇರುವ ಕ್ರಮವನ್ನು ವಿವರಿಸಲು ನಿವೃತ್ತ ಮುಖ್ಯೋಪಾಧ್ಯಾಯರೊಬ್ಬರು ಇಲ್ಲಿಯೇ ಇದ್ದಾರೆ. ಮಗ್ರಿಬ್‌ಗೆ ಇನ್ನೂ ಅರ್ಧ ಗಂಟೆಯಿದೆ, ಅವರನ್ನು ಕೇಳಿರಿ.