ಗಾಲಿಯ ಮೇಲಿನ ಬಿಡಾರ



ಠಾಣೆ ಪಟ್ಟಣದ ಪೂರ್ವಭಾಗದಲ್ಲಿ, ರೈಲುಹಾದಿಗೂ ಖಾಡಿಗೂ ನಡುವೆ ಇರುವ ಕೋಪರಿಯಲ್ಲಿ ನನ್ನ ವಾಸ. 1853ನೆಯ ಇಸವಿಯ ಏಪ್ರಿಲ್ 16ರಂದು, ಸಾಹಿಬ್, ಸಿಂಧ್, ಸುಲ್ತಾನ್ ಎಂಬ ಹೆಸರಿನ ಮೂರು ಎಂಜಿನುಗಳು ಹದಿನಾಲ್ಕು ಡಬ್ಬಿಗಳಲ್ಲಿ ಸುಮಾರು ನಾನೂರು ಅತಿಥಿಗಳನ್ನು ಬೋರಿಬಂದರಿನಿಂದ ಎಳೆದು ತಂದು ಇಳಿಸಿದ ಠಾಣೆಯ ನಿಲ್ದಾಣವು ನಮ್ಮ ಮನೆಗೆ ಕಾಲ್ನಡಿಗೆಯ ದೂರದಲ್ಲಿದೆ. ಖಾಡಿಯ ಆಚೆ, ನವಿ ಮುಂಬಯಿಯ ವಾಶಿಯಲ್ಲಿ, ಇನ್ನೊಂದು ಕೋಪರಿಯುಂಟು; ಅದರ ನೆರೆಯಲ್ಲಿಯೇ ಸಗಟು ಮಾರುಕಟ್ಟೆ ಇರುವುದರಿಂದ, ಬ್ಯಾಡಗಿಯ ಮೆಣಸಿನಕಾಯಿ, ತಿಪಟೂರಿನ ಕೊಬ್ಬರಿ, ಬೆಳಗಾವಿಯ ತರಕಾರಿಗಳನ್ನು ಹೊತ್ತು ಬಂದ ಲಾರಿಗಳು ಅಲ್ಲಿ ಸಾಲುಗಟ್ಟಿ ನಿಂತಿರುತ್ತವೆ; ಕನ್ನಡದ ಮಾತು ಕೇಳಬೇಕೆಂಬ ಹಂಬಲವಾದಾಗ ನಾನು ಆ ಕೋಪರಿಗೆ ಹೋಗುವುದುಂಟು. ಇಂದು ನಾನು ಹೇಳಹೊರಟಿರುವ ವಿಷಯ, ಮನೆಯನ್ನೇ ಗಾಲಿಯ ಮೇಲೇರಿಸಿಕೊಂಡು ಊರೂರು ತಿರುಗುವ ವಿದ್ಯೆ ಮತ್ತು ಅದಕ್ಕೆ ಬೇಕಾಗುವ ಸಲಕರಣೆಗಳ ಚರಿತ್ರೆ. ಈ ವಾಹನಕ್ಕೆ ಈಚೆಗೆ 'ಕ್ಯಾರವಾನ್' ಎಂಬ ಹೆಸರು ನಮ್ಮಲ್ಲಿ ರೂಢಿಯಾಗುತ್ತಿದೆ. ಹೆಸರು ಹೊಸದು, ವಿದ್ಯೆಯೂ ಹೊಸದೆಂದು ಭಾವಿಸುವವರೊಡನೆ ನನಗೆ ಸ್ವಲ್ಪ ತಕರಾರಿದೆ.

ಮೊದಲು ಮಾತಿನಿಂದಲೇ ಆರಂಭಿಸೋಣ. 'ಕೆಡು' ಎಂಬುದರಿಂದ 'ಕೇಡು', 'ಪಡು' ಎಂಬುದರಿಂದ 'ಪಾಡು' ಹುಟ್ಟಿದಂತೆ 'ಬಿಡು' ಎಂಬ ಧಾತುವಿನಿಂದ 'ಬೀಡು' ಹುಟ್ಟಿದೆ. ಹೂಡಿದ್ದನ್ನು ಬಿಟ್ಟು, ಹೊತ್ತದ್ದನ್ನು ಇಳಿಸಿ, ಎತ್ತಿನ ಕೊರಳಿನ ನೊಗವನ್ನು ಸಡಿಲಿಸಿದ ಸ್ಥಳವೇ ಬೀಡು. 'ಬಿಡಾರ'ವೂ ಅದೇ ಕುಲದ್ದು. ರಾಷ್ಟ್ರಕೂಟರ ಮತ್ತು ಚಾಲುಕ್ಯರ ಕಾಲದ ಶಾಸನಗಳು ಅರಸನು ಇಂಥ ನೆಲೆವೀಡಿನಲ್ಲಿದ್ದು ರಾಜ್ಯವಾಳುತ್ತಿದ್ದನೆಂದು ಹೇಳುವಾಗ, ನಮ್ಮ ಪ್ರಾಚೀನರ ರಾಜಧಾನಿಯಲ್ಲಿಯೂ ಒಂದಿಷ್ಟು ಡೇರೆಯ ವಾಸನೆ ಸೇರಿಕೊಂಡಿತ್ತೆಂಬುದು ಸ್ಪಷ್ಟವಾಗುತ್ತದೆ. ರಾಷ್ಟ್ರಕೂಟರ ಸಾಮಂತರಾಗಿದ್ದ ಉತ್ತರ ಕೊಂಕಣದ ಶಿಲಾಹಾರರಿಗೆ ಈ ಠಾಣೆಯೇ, ಅಂದಿನ ಸ್ಥಾನಕವೇ, ನೆಲೆವೀಡಾಗಿತ್ತು.

ಬೀಡು ಬಿಟ್ಟವನಿಗೆ ಎದುರಾಗುವ ಮೊದಲ ಚಿಂತೆ ನೀರಿನದು. 1520ರಲ್ಲಿ ಕೃಷ್ಣದೇವರಾಯನು ರಾಯಚೂರಿನ ಮೇಲೆ ದಂಡೆತ್ತಿ ಹೋದಾಗ, ದಾರಿಯಲ್ಲಿ ಯಾರೂ ದಾಹದಿಂದ ಸಾಯಬಾರದೆಂದು ಚರ್ಮದ ಚೀಲಗಳಲ್ಲಿ ನೀರು ಹೊತ್ತ ಹತ್ತು ಹನ್ನೆರಡು ಸಾವಿರ ಜನರನ್ನು ನೇಮಿಸಿದ್ದನೆಂದು ನ್ಯೂನಿಜ್ ಎಂಬ ಪೋರ್ಚುಗೀಸ್ ಕುದುರೆ ವ್ಯಾಪಾರಿ ಬರೆದಿಟ್ಟಿದ್ದಾನೆ. ಸಂಖ್ಯೆಯಲ್ಲಿ ವ್ಯಾಪಾರಿಯ ಉದಾರತೆ ಇದ್ದಿರಬಹುದು. ವ್ಯವಸ್ಥೆಯ ವಿವೇಕವಂತೂ ಸತ್ಯವಾದುದು. ಮುಂದೆ 1791-92ರಲ್ಲಿ ಕಾರ್ನ್‌ವಾಲಿಸನು ಟಿಪ್ಪುವಿನ ಮೇಲೆ ನಡೆದುಬಂದಾಗ ಅವನ ಸೈನ್ಯಕ್ಕೆ ಧಾನ್ಯವನ್ನು ಎತ್ತುಗಳ ಮೇಲೆ ಹೇರಿ ತಂದವರು ಲಮಾಣಿಗರು. ಹೆಂಡಿರು, ಮಕ್ಕಳು, ಒಲೆ, ಮಡಕೆಗಳೊಡನೆ ಸಂಚರಿಸುತ್ತಿದ್ದ ಅವರ ತಾಂಡಾ ಎಂದರೆ ನಡೆದಾಡುವ ಊರೇ ಸರಿ.

ಆದರೆ ಅರಸರ ಮತ್ತು ಸೈನ್ಯಗಳ ಮಾತು ಅಷ್ಟಕ್ಕೆ ಸಾಕು. ನಾನು ಕಣ್ಣಾರೆ ಕಂಡು, ಮೈಯಾರೆ ಅನುಭವಿಸಿದ ಗಾಲಿಮನೆಯೆಂದರೆ ನಮ್ಮ ಕೊಲ್ಲಾರಿ ಬಂಡಿ. ಧಾರವಾಡ ಸೀಮೆಯ ನಮ್ಮ ಹಳ್ಳಿಯಿಂದ ಬನದ ಹುಣ್ಣಿಮೆಗೆ ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೆ ಹೊರಡುವುದೆಂದರೆ, ಎರಡು ಮೂರು ದಿನಗಳ ಮೊದಲೇ ಅಂಗಳದಲ್ಲಿ ಬಂಡಿಯ ಶೃಂಗಾರವು ಆರಂಭವಾಗುತ್ತಿತ್ತು. ಬಿದಿರಿನ ಸೀಳುಗಳನ್ನು ಬಾಗಿಸಿ ಕಟ್ಟಿದ ಕಮಾನಿನ ಮೇಲೆ ಚಾಪೆ ಹೊದಿಸಿ, ಒಳಗೆ ಮೊಣಕಾಲೆತ್ತರಕ್ಕೆ ಮೇವನ್ನು ಹರವಿ, ಅದರ ಮೇಲೆ ಜಮಖಾನವನ್ನೂ ಕೌದಿಯನ್ನೂ ಹಾಸಿದರೆ, ಹೋಗುವಾಗ ಅದು ನಮಗೆ ಹಾಸಿಗೆ. ದಿನದಿನಕ್ಕೆ ಎತ್ತುಗಳು ಆ ಹಾಸಿಗೆಯನ್ನೇ ತಿನ್ನುತ್ತ ಬರುತ್ತಿದ್ದುದರಿಂದ ಹಿಂದಿರುಗುವಾಗ ನಮಗೆ ಹಲಗೆಯೇ ಗತಿ. ಅಚ್ಚಿನ ಕೆಳಗೆ ಹಗ್ಗದ ಬಲೆಯೊಂದು ತೂಗುತ್ತಿತ್ತು. ಮಡಕೆ, ಕೊಡ, ಸೌದೆಗಳೆಲ್ಲ ಅದರಲ್ಲಿ. ಭಾರವಾದ ವಸ್ತು ಕೆಳಗಿದ್ದಷ್ಟೂ ಬಂಡಿ ಓಲಾಡುವುದಿಲ್ಲವೆಂಬುದನ್ನು ನಮ್ಮ ಬಂಡಿ ಹೊಡೆಯುವ ಕಲ್ಲಪ್ಪ ಮಾಮಾ ಯಾವ ಶಾಲೆಯಲ್ಲಿಯೂ ಕಲಿತಿರಲಿಲ್ಲ. ಬಿದಿರಿನ ಗೊಟ್ಟದಲ್ಲಿ ಹರಳೆಣ್ಣೆಗೆ ಸುಟ್ಟ ಹುಲ್ಲಿನ ಕರಿ ಬೆರೆಸಿದ ಕೀಲೆಣ್ಣೆ. ಕಡಾಣಿ ಕಳಚಿದರೆ ಇರಲೆಂದು ಇನ್ನೊಂದು ಕಡಾಣಿ. ರಾತ್ರಿ ಹಿಂದಿನ ಬಂಡಿಯವರಿಗೆ ಕಾಣಲೆಂದು ಅಚ್ಚಿಗೆ ಕಟ್ಟಿದ ಕಂದೀಲು. ಖಡಕ್ ರೊಟ್ಟಿ, ಶೇಂಗಾದ ಹಿಂಡಿ, ಅಗಸಿಯ ಹಿಂಡಿ, ಮಾದ್ಲಿ, ಎರಡನೆಯ ದಿನದವರೆಗೆ ಮಾತ್ರ ಬರುವ ಮೊಸರು ಬುತ್ತಿ: ಇವುಗಳಲ್ಲಿ ಯಾವುದು ಮೊದಲು ತೀರಬೇಕು, ಯಾವುದು ಕೊನೆಗೆ ಉಳಿಯಬೇಕು ಎಂಬ ಲೆಕ್ಕ ಅಜ್ಜಿಯ ಬಾಯಲ್ಲಿತ್ತು.

ಈಗ ಹೇಳಬೇಕಾದ ಮುಖ್ಯ ಸಂಗತಿ. ಸಂಜೆ ಹಳ್ಳದ ದಂಡೆಯಲ್ಲಿ ಎತ್ತುಗಳನ್ನು ಬಿಟ್ಟು, ನೊಗದ ಕೆಳಗೆ ಊರುಗೋಲನ್ನು ಕೊಟ್ಟ ಕೂಡಲೇ, ಯಾರೂ ಇಳಿಯುವ ಮೊದಲು, ನಮ್ಮ ಅಜ್ಜಿ ಅಗಲವಾದ ಹಿತ್ತಾಳೆಯ ತಾಟಿಗೆ ಒಂದಿಷ್ಟು ನೀರು ಸುರಿದು ಬಂಡಿಯ ನಡುವೆ ಇಡುತ್ತಿದ್ದಳು. ನೀರು ಯಾವ ಕಡೆಗೆ ಓಡಿತೋ ಆ ಕಡೆಯ ಗಾಲಿಯನ್ನು ಚಪ್ಪಟೆಗಲ್ಲಿನ ಮೇಲೆ ಏರಿಸಿ, ಹಿಂದೆ ಮುಂದೆ ಒಂದೊಂದು ಕಲ್ಲನ್ನು ಒಡ್ಡಿ, ನೀರು ತಾಟಿನ ನಡುವೆ ನಿಂತಿತೆಂದು ಖಾತ್ರಿಯಾದ ಮೇಲೆಯೇ ಕೌದಿ ಬಿಡಿಸಬೇಕು. "ಸೊಟ್ಟ ಮಲಗಿದ್ರ ಮುಂಜಾನೆ ತಲಿ ಹಿಡೀತದ" ಎಂಬುದು ಆಕೆಯ ಶಾಸ್ತ್ರ. ಅದು ಮುದುಕಿಯ ಕರ್ಮಠತೆ ಎಂದು ನಾನು ಬಹುಕಾಲ ತಿಳಿದಿದ್ದೆ.

ನಮ್ಮ ಹಿರಿಯರ ಬಂಡಿಗಳು ಗುಡ್ಡದ ದಾರಿಯಲ್ಲಿ ಹೀಗೆ ಸಾಗುತ್ತಿದ್ದ ಹತ್ತೊಂಬತ್ತನೆಯ ಶತಮಾನದಲ್ಲಿಯೇ ಅತ್ತ ಬ್ರಿಟನ್ನಿನಲ್ಲಿ ವಿನೋದಕ್ಕಾಗಿ ಬಂಡಿಯಲ್ಲಿ ವಾಸಿಸುವ ಹವ್ಯಾಸ ಹುಟ್ಟಿತು. ನೌಕಾಪಡೆಯ ವೈದ್ಯನಾಗಿದ್ದು ನಿವೃತ್ತನಾಗಿ ಹುಡುಗರಿಗಾಗಿ ಸಾಹಸಕಥೆಗಳನ್ನು ಬರೆಯುತ್ತಿದ್ದ ಗಾರ್ಡನ್ ಸ್ಟೇಬಲ್ಸ್ ಎಂಬ ಸ್ಕಾಟ್ಲೆಂಡಿನವನು, 1885ರಲ್ಲಿ ಬ್ರಿಸ್ಟಲ್ಲಿನ ಕಾರ್ಖಾನೆಯೊಂದರಲ್ಲಿ 'ವಾಂಡರರ್' ಎಂಬ ಮರದ ಬಂಡಿಯನ್ನು ಮಾಡಿಸಿದನು. ಸುಮಾರು ಎರಡು ಟನ್ ತೂಕದ ಆ ಭವ್ಯ ವಸ್ತುವನ್ನು ಎರಡು ಕುದುರೆಗಳು ಎಳೆಯಬೇಕಾಗಿತ್ತು. ಮುಂದೆ ಮುಂದೆ ಮೂರು ಗಾಲಿಯ ಸೈಕಲ್ ತುಳಿಯುತ್ತ, ಹಿಂದೆ ದೊಡ್ಡ ಬಂಡಿ ಬರುತ್ತಿದೆಯೆಂದು ದಾರಿಹೋಕರಿಗೆ ಸಾರಲು ಒಬ್ಬ ಸೇವಕನೂ ಇದ್ದನು. ನಾಯಿಯೂ ಗಿಳಿಯ ಜಾತಿಯ ಹಕ್ಕಿಯೂ ಜೊತೆಯಲ್ಲಿದ್ದವು. ಇಷ್ಟು ಪರಿವಾರವನ್ನು ಕಂಡಿದ್ದರೆ ಕಲ್ಲಪ್ಪ ಮಾಮಾ ನಕ್ಕುಬಿಡುತ್ತಿದ್ದನೇನೋ! ಆದರೂ, ಅಗತ್ಯವಿಲ್ಲದಿರುವಾಗಲೂ ಮನುಷ್ಯನು ಬಂಡಿಯಲ್ಲಿ ಮಲಗಬಹುದೆಂಬ ಕಲ್ಪನೆ ಲೋಕಕ್ಕೆ ಬಂದದ್ದು ಆತನಿಂದ.

ಸಲಕರಣೆಗಳ ಚರಿತ್ರೆಯಲ್ಲಿ 1892 ಒಂದು ಶುಭವರ್ಷ. ಆ ವರ್ಷ ಸ್ವೀಡನ್ನಿನ ಲಿಂಡ್‌ಕ್ವಿಸ್ಟನು ಬತ್ತಿಯಿಲ್ಲದೆ, ಗಾಳಿಯ ಒತ್ತಡದಿಂದ ಸೀಮೆ‌ಎಣ್ಣೆಯನ್ನು ಆವಿಯಾಗಿಸಿ ಉರಿಸುವ ಪ್ರೈಮಸ್ ಒಲೆಯನ್ನು ಮಾರಾಟಕ್ಕೆ ತಂದನು. ಅದೇ ವರ್ಷ ಲಂಡನ್ನಿನಲ್ಲಿ ಡ್ಯೂಅರ್ ಎಂಬ ವಿಜ್ಞಾನಿಯು ಎರಡು ಗಾಜಿನ ಗೋಡೆಗಳ ನಡುವಿನ ಗಾಳಿಯನ್ನು ತೆಗೆದುಹಾಕಿ, ಮುಂದೆ ಥರ್ಮಾಸ್ ಎಂದು ಮನೆಮಾತಾದ ಪಾತ್ರೆಯ ಮೂಲರೂಪವನ್ನು ರಚಿಸಿದನು. 1911ರಲ್ಲಿ ಅಮುಂಡ್‌ಸೆನ್ನನೊಡನೆ ದಕ್ಷಿಣಧ್ರುವವನ್ನು ಕಂಡ ಆ ಪ್ರೈಮಸ್ಸೇ 'ಪಂಪ್ ಸ್ಟವ್' ಎಂಬ ಹೆಸರಿನಲ್ಲಿ ನಮ್ಮ ಅಡಿಗೆಮನೆಗಳಿಗೆ ಬಂದಿತು. ಕಣ್ಣು ಕಟ್ಟಿದಾಗ ಚುಚ್ಚಲು ತಗಡಿಗೆ ಸಿಕ್ಕಿಸಿದ ಪಿನ್ನಿಲ್ಲದಿದ್ದರೆ ಧ್ರುವದಲ್ಲಾಗಲಿ ದಾದರಿನಲ್ಲಾಗಲಿ ಅದು ನಿಷ್ಪ್ರಯೋಜಕ. ಕೊಂಕಣ ರೈಲುಮಾರ್ಗವು 1998ರಲ್ಲಿ ಪೂರ್ಣಗೊಳ್ಳುವ ಮೊದಲು, ಕರಾವಳಿಯಿಂದ ಮುಂಬಯಿಗೆ ಹಡಗಿನಲ್ಲಿಯೋ, ದೀರ್ಘವಾದ ಬಸ್ಸಿನ ಪ್ರಯಾಣದಲ್ಲಿಯೋ ಬರುತ್ತಿದ್ದ ನಮ್ಮವರ ಸಾಮಾನಿನಲ್ಲಿ ಆ ಸ್ಟವ್ವು, ತಿರುಗಣೆ ಮುಚ್ಚಳದ ಕೂಜ ಮತ್ತು ಹೋಲ್ಡಾಲ್ ಎಂಬ ಮೂರು ತಪ್ಪುತ್ತಿರಲಿಲ್ಲ. ಬಿಚ್ಚಿದರೆ ಹಾಸಿಗೆ, ಸುತ್ತಿದರೆ ಪೆಟ್ಟಿಗೆ, ಕುಳಿತರೆ ಆಸನವಾಗುವ ಹೋಲ್ಡಾಲಿಗೆ ಸಮಾನವಾದ ಪ್ರಯಾಣ ಸಾಧನವನ್ನು ನಾನು ಇನ್ನೂ ಕಂಡಿಲ್ಲ. 1951ರಿಂದ ಜರ್ಮನಿಯ ವೆಸ್ಟ್‌ಫಾಲಿಯಾ ಸಂಸ್ಥೆಯವರು ಫೋಕ್ಸ್‌ವ್ಯಾಗನ್ ಗಾಡಿಗೆ ಅಳವಡಿಸಿದ ಮರದ ಬೀರುವಿನ ಸೊಗಸೂ ಇದೇ: ರಜೆಯಲ್ಲಿ ಅದು ಅಡಿಗೆಮನೆ, ಹಾಸಿಗೆ, ಎತ್ತಿ ಹೊರಗಿಟ್ಟರೆ ಗಾಡಿ ಪುನಃ ಸರಕು ಸಾಗಿಸಲು ಸಿದ್ಧ. ಮುಂದಿನ ದಶಕಗಳಲ್ಲಿ ಯುರೋಪಿನ ತರುಣರು ಇಂಥ ಗಾಡಿಗಳಲ್ಲಿ ತುರ್ಕಿ, ಇರಾನ್‌ಗಳನ್ನು ದಾಟಿ ನಮ್ಮ ದೇಶಕ್ಕೆ ಬಂದರು. 1957ರಲ್ಲಿ ಲಂಡನ್ನಿನಿಂದ ಏಪ್ರಿಲ್ 15ರಂದು ಹೊರಟ ಒಂದು ಬಸ್ಸು ಜೂನ್ 5ರಂದು ಕಲ್ಕತ್ತೆಯನ್ನು ಮುಟ್ಟಿತ್ತು. ದೆಹಲಿಯಿಂದ ಮುಂಬಯಿ, ಗೋವೆಗಳಿಗೆ ಇಳಿದವರಿಗೆ ಆಗ್ರಾ ರಸ್ತೆಯೇ ಹಾದಿಯಾದ್ದರಿಂದ ಠಾಣೆಯ ಜನಕ್ಕೆ ಆ ಗಾಡಿಗಳ ದರ್ಶನ ಹೊಸದಾಗಿರಲಿಲ್ಲ.

ಈಗ ಮಹಾರಾಷ್ಟ್ರ, ಕೇರಳ ಸರಕಾರಗಳು 2021ರಲ್ಲಿ ಕ್ಯಾರವಾನ್ ಪ್ರವಾಸಕ್ಕೆಂದೇ ನೀತಿಗಳನ್ನು ಹೊರಡಿಸಿರುವುದರಿಂದ, ಬಾಡಿಗೆಗೆ ಗಾಡಿಗಳು ದೊರೆಯುತ್ತವೆ. ಹೋದ ಚಳಿಗಾಲದಲ್ಲಿ ನನ್ನ ಅಳಿಯನು ಅಂಥದೊಂದನ್ನು ಗೊತ್ತುಮಾಡಿ, ಕಲ್ಯಾಣ, ಮುರಬಾಡಗಳ ಮಾರ್ಗವಾಗಿ ನಮ್ಮನ್ನು ಮಾಳಶೇಜ್ ಘಟ್ಟದ ಕಡೆಗೆ ಕರೆದೊಯ್ದನು. (ಈ ಕಲ್ಯಾಣವು ಬಸವಣ್ಣನವರ ಕಲ್ಯಾಣವಲ್ಲ, ಅದು ಬೀದರಿನದು. ಊರಿನಿಂದ ಬಂದವರು ಪ್ರತಿಸಲವೂ ಕೇಳುತ್ತಾರೆ.) ಗಾಡಿಯಲ್ಲಿ ಇಲ್ಲದ್ದೇ ಇರಲಿಲ್ಲ: ಮಡಚುವ ಮೇಜು, ಸೂರ್ಯನ ಬೆಳಕಿನಿಂದ ತುಂಬುವ ಬ್ಯಾಟರಿ, ಪುಟ್ಟ ಸಿಲಿಂಡರು, ಅನಿಲದಿಂದ ನಡೆಯುವ ಶೀತಕಪೆಟ್ಟಿಗೆ. ಧಾಬಾ ಒಂದರ ಮಗ್ಗುಲ ಇಳಿಜಾರಿನಲ್ಲಿ ನಿಲ್ಲಿಸಿದೆವು. ಎರಡು ತಾಸು ಕಳೆದರೂ ಪೆಟ್ಟಿಗೆ ತಣ್ಣಗಾಗಲಿಲ್ಲ; ಮೊಮ್ಮಗುವಿನ ಹಾಲು ಕೆಡುವ ಹೊತ್ತಾಯಿತು; ಬಾಡಿಗೆಯವರ ದೂರವಾಣಿಯಲ್ಲಿ ಸಂಗೀತ ಮಾತ್ರ ಕೇಳಿಬರುತ್ತಿತ್ತು.

ಪಕ್ಕದಲ್ಲಿ ಮುದ್ದೇಬಿಹಾಳದ ಲಾರಿಯೊಂದು ನಿಂತಿತ್ತು. ಅದರ ಹೊಟ್ಟೆಯ ಕೆಳಗಿನ ಮರದ ಪೆಟ್ಟಿಗೆಯೇ ಅಡಿಗೆಮನೆ. ಚಾಸಿಗೆ ಬಿಗಿದ ನಲ್ಲಿಯ ಡಬ್ಬಿಯೇ ಬಚ್ಚಲು. ಸೀಟಿನ ಹಿಂದಿನ ಹಲಗೆಯೇ ಶಯನಗೃಹ. 2025ರಿಂದ ಹೊಸ ದೊಡ್ಡ ಲಾರಿಗಳ ಚಾಲಕರ ಕೋಣೆಗೆ ಹವಾನಿಯಂತ್ರಣ ಕಡ್ಡಾಯವಾಗಿದೆ. ಈ ಲಾರಿ ಹಳೆಯದು. ಸ್ಟವ್ವಿನ ಮೇಲೆ ಝುಣಕ ಕಲಕುತ್ತಿದ್ದ ಡ್ರೈವರು ನಮ್ಮ ಗೊಂದಲವನ್ನು ಕಂಡು ಎದ್ದು ಬಂದು, ಒಳಗೆ ಒಮ್ಮೆ ಇಣುಕಿ, ತನ್ನ ಸ್ಟೀಲಿನ ತಾಟಿಗೆ ನೀರು ಸುರಿದು ನಮ್ಮ ಗಾಡಿಯ ನಡುವೆ ಇಟ್ಟನು. ನೀರು ಒಂದು ಅಂಚಿಗೆ ಓಡಿತು. "ಗಾಡಿ ಸೊಟ್ಟ ನಿಂತೈತ್ರಿ ಕಾಕಾರ, ಪೆಟ್ಟಿಗೀದೇನೂ ತಪ್ಪಿಲ್ಲ" ಎಂದನು. ತನ್ನ ಕ್ಲೀನರನಿಂದ ಎರಡು ಮರದ ಗಟ್ಟೆಗಳನ್ನು ತರಿಸಿ, ಅಳಿಯನಿಗೆ ಗಾಡಿಯನ್ನು ಮೆಲ್ಲನೆ ಅವುಗಳ ಮೇಲೆ ಏರಿಸಹೇಳಿ, ತಾಟಿನಲ್ಲಿ ನೀರು ಸಮನಾಗಿ ನಿಂತ ಮೇಲೆ ತನ್ನ ಝುಣಕದ ಕಡೆಗೆ ಹೊರಟುಹೋದನು. ಬೆಳಗಾಗುವಾಗ ಹಾಲು ತಣ್ಣಗಿತ್ತು.

ಕಾರಣವನ್ನು ಆಮೇಲೆ ಓದಿ ತಿಳಿದೆ. 1922ರಲ್ಲಿ ಸ್ವೀಡನ್ನಿನ ವಾನ್ ಪ್ಲಾಟೆನ್ ಮತ್ತು ಮುಂಟರ್ಸ್ ಎಂಬ ಇಬ್ಬರು ವಿದ್ಯಾರ್ಥಿಗಳು ಕಂಡುಹಿಡಿದ ಈ ಬಗೆಯ ಶೀತಕದಲ್ಲಿ ಚಲಿಸುವ ಯಂತ್ರಭಾಗವೇ ಇಲ್ಲ; ಉರಿಯ ಕಾವಿನಿಂದ ಅಮೋನಿಯ ಆವಿಯಾಗಿ, ಮತ್ತೆ ದ್ರವವಾಗಿ, ತನ್ನ ಭಾರದಿಂದಲೇ ಕೊಳವೆಗಳಲ್ಲಿ ಕೆಳಕ್ಕೆ ಹರಿಯಬೇಕು. ಗಾಡಿ ವಾಲಿದರೆ ಆ ಹರಿವು ನಿಲ್ಲುತ್ತದೆ. ಅಜ್ಜಿಯ ತಾಟಿನ ನೀರು ಯಾವ ನಿಯಮಕ್ಕೆ ಕಟ್ಟುಬಿದ್ದಿತ್ತೋ ಅಮೋನಿಯವೂ ಅದಕ್ಕೇ ಕಟ್ಟುಬಿದ್ದಿದೆ.

ಹೊರಡುವವರಿಗೆ ಇನ್ನೆರಡು ಮಾತು. ಅಡಿಗೆಯ ಅನಿಲವು ಗಾಳಿಗಿಂತ ಭಾರವಾದುದರಿಂದ, ಸೋರಿದಾಗ ಮೇಲೇರದೆ ನೆಲದಲ್ಲಿ ಮಡುಗಟ್ಟುತ್ತದೆ. ಆದಕಾರಣ ಸಿಲಿಂಡರಿನ ಕೋಣೆಗೆ ತಳದಲ್ಲಿ ರಂಧ್ರವಿದೆಯೇ ಎಂದು ನೋಡದೆ ಗಾಡಿಯನ್ನು ಒಪ್ಪಿಕೊಳ್ಳಬಾರದು. ತೂತಿನಿಂದ ಚಳಿ ಬರುತ್ತದೆಂದು ಚಿಂದಿ ತುರುಕಲೇಬಾರದು. ಕಿಟಕಿಗಳನ್ನೆಲ್ಲ ಮುಚ್ಚಿ, ಒಲೆ ಉರಿಸಿ, ಒಳಗೆ ಮಲಗುವುದು ಪ್ರಾಣಾಪಾಯ. ಸೀಸದ ಬ್ಯಾಟರಿಯಾದರೆ ಅರ್ಧಕ್ಕಿಂತ ಹೆಚ್ಚು ಬರಿದು ಮಾಡಬೇಡಿರಿ. ಪದೇ ಪದೇ ಪೂರ್ತಿ ಬರಿದಾದ ಬ್ಯಾಟರಿ ಬೇಗ ಸಾಯುತ್ತದೆ.

ಪ್ರವಾಸದಿಂದ ಬಂದ ಮೇಲೆ ನಮ್ಮ ಕೋಪರಿಯ ಬಡಗಿಯೊಬ್ಬನಿಂದ, ಒಂದು ಅಂಚು ಇಳುಕಲಾಗಿರುವ ಎರಡು ಸಾಗುವಾನಿಯ ಗಟ್ಟೆಗಳನ್ನು ಮಾಡಿಸಿ ಮಂಚದ ಕೆಳಗೆ ಇಟ್ಟುಕೊಂಡಿದ್ದೇನೆ. ಆಸುಪಾಸಿನ ಕನ್ನಡಿಗರು ಯಾರಾದರೂ ಇಂಥ ಗಾಡಿಯಲ್ಲಿ ಹೊರಡುವುದಾದರೆ, ಬಂದು ಕೇಳಿ ಒಯ್ಯಬಹುದು. ತಾಟು ಮಾತ್ರ ಅವರದೇ ಇರತಕ್ಕದ್ದು, ಗಟ್ಟೆಗಳನ್ನು ಮರೆಯದೆ ಹಿಂದಿರುಗಿಸತಕ್ಕದ್ದು.